ಹೇಮಾವತಿ ಜೊತೆ ನಡೆಯೋಕೆ ಹೊರಟ ಮಗಳಿಗೆ

ಪುಟ್ಟಿ,

ಭಾನುವಾರ ನೀನು ಫೋನಲ್ಲಿ ರಿಸೈನ್ ಮಾಡ್ಬಿಟ್ಟೆ ಅಮ್ಮ ಅಂದಾಗ ನಾನು ಏನೂ ಮಾತಾಡ್ದೆ ಫೋನ್ ಅಪ್ಪಂಗೆ ಕೊಟ್ಟೆ. ಸಿಟ್ಟಲ್ಲ ಕಣೆ, ಭಯ. ಆರು ವರ್ಷ ದುಡಿದ ಕೆಲ್ಸ ಬಿಟ್ಟು ಹೇಮಾವತಿ ಹೊಳೆ ಹುಟ್ಟೋ ಜಾವಳಿಯಿಂದ ಹಿಡ್ದು ಕೆಆರ್‌ಎಸ್ ಹಿನ್ನೀರಲ್ಲಿ ಕಾವೇರಿ ಸೇರೋ ತನಕ ಹೆಚ್ಚುಕಮ್ಮಿ 245 ಕಿಲೋಮೀಟರ್ ಒಬ್ಳೇ ನಡೀತೀನಿ, ನಡೆದಿದ್ದನ್ನ ಬರೀತೀನಿ, ಮುಂದಿನ ವರ್ಷ ನರ್ಮದೆ ಅಂತೀಯ, ಎದೆ ಝಲ್ ಅನ್ನಲ್ವಾ ಹೇಳು.

ಬ್ಯಾಂಕಲ್ಲಿ ಕೆಲ್ಸ ಮಾಡ್ದೋಳು ನಾನು, ದುಡ್ಡಿನ ವಿಷ್ಯ ಮೊದ್ಲು ಹೇಳ್ಬಿಡ್ತೀನಿ. 5 ವರ್ಷ ದಾಟಿದೆ, ಗ್ರಾಚ್ಯುಟಿ ಕೇಳಿ ಇಸ್ಕೋ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಪಿಎಫ್ ಮುಟ್ಬೇಡ. ಆಫೀಸಿನ ಇನ್ಶೂರೆನ್ಸ್ ಕೆಲ್ಸದ ಜೊತೆಗೇ ಹೋಗುತ್ತೆ, ನೋಟಿಸ್ ಪೀರಿಯಡ್ ಒಳಗೇ ನಿನ್ನ ಹೆಸ್ರಲ್ಲಿ ಹೆಲ್ತ್ ಪಾಲಿಸಿ ಮಾಡ್ಸು, ಹೊಸ ಪಾಲಿಸೀಲಿ ಮೊದಲ 30 ದಿನ ಆಕ್ಸಿಡೆಂಟ್ ಬಿಟ್ರೆ ಕ್ಲೇಮ್ ಇರಲ್ಲ.

ಮಳೇಲಿ ಹೊರಡ್ಬೇಡ, ಇಂಬಳ ಕಾಲು ಬಿಡಲ್ಲ. ಕಾಫಿ ಕುಯ್ಲು ಮುಗೀಲಿ. ಸಕಲೇಶಪುರ, ಆಲೂರು ಕಡೆ ತೋಟದೊಳಗೇ ಆನೆ ಇರ್ತವೆ, ಬೆಳಕಾಗೋ ಮುಂಚೆ ಹೆಜ್ಜೆ ಇಡ್ಬೇಡ, ಸಂಜೆ ಐದರೊಳಗೆ ಯಾರದಾದ್ರೂ ಮನೆ ಸೇರ್ಕೋ, ನಡೆಯೋವಾಗ ಕಿವೀಲಿ ಇಯರ್‌ಫೋನ್ ಬೇಡವೇ ಬೇಡ.

ಈಗ ನಿನಗೆ ಯಾವತ್ತೂ ಹೇಳ್ದೇ ಇರೋದು. ಶೆಟ್ಟಿಹಳ್ಳಿ ಚರ್ಚ್ ಗೊತ್ತಲ್ಲ, ಗೊರೂರು ಡ್ಯಾಮ್ ತುಂಬಿದಾಗ ಅರ್ಧ ಮುಳುಗೋದು, ಕಾಲೇಜಲ್ಲಿದ್ದಾಗ ಫ್ರೆಂಡ್ಸ್ ಜೊತೆ ಹೋಗಿ ಫೋಟೋ ತಂದು ತೋರ್ಸಿದ್ದೆ, ನಾನು ಚೆನ್ನಾಗಿದೆ ಅಂದು ಅಡುಗೆಮನೆಗೆ ಹೋದೆ. ಅದೇ ನೀರಿನ ಕೆಳಗೆ ನಮ್ಮಜ್ಜಿ ಮನೆ ಇದೆ ಪುಟ್ಟಿ. ಡ್ಯಾಮ್ ಮುಗಿದಿದ್ದು 1979ರಲ್ಲಿ, ಅದಕ್ಕೂ ಮುಂಚೆನೇ ಊರು ಖಾಲಿ ಮಾಡಿದ್ವಿ, ನಾನಿನ್ನೂ ಲಂಗ ಹಾಕೋ ಹುಡುಗಿ. ಬಾಗ್ಲು, ತೊಲೆ, ಹೆಂಚು ಎಲ್ಲಾ ಬಿಚ್ಚಿ ಗಾಡಿಗೆ ಹೇರಿದ್ರು, ನೆಲದಲ್ಲಿ ಹೂತಿದ್ದ ಒರಳುಕಲ್ಲು ಮಾತ್ರ ಎಷ್ಟು ಎಳೆದ್ರೂ ಬರ್ಲಿಲ್ಲ. ಅಜ್ಜಿ ಅದನ್ನ ತೊಳೆದು ಅರಿಶಿನ ಕುಂಕುಮ ಇಟ್ಟು, ಸೆರಗಲ್ಲಿ ಕೈ ಒರೆಸ್ಕೊಂಡು ಗಾಡಿ ಹತ್ತಿದ್ರು. ಆಮೇಲೆ ಸಾಯೋ ತನಕ ಗೊರೂರು ಬಸ್ಸಲ್ಲಿ ಕಿಟಕಿ ಪಕ್ಕ ಕೂರ್ಲಿಲ್ಲ.

ಆ ನೀರು ಕಾಲುವೇಲಿ ತುಮಕೂರಿನ ತನಕ ಹೋಗುತ್ತೆ, ಹೋಗ್ಲಿ, ಜನ ಕುಡೀಲಿ, ಬೆಳೆ ಬೆಳೀಲಿ, ನಂಗೆ ಅದ್ರಲ್ಲಿ ಹೊಟ್ಟೆಯುರಿ ಇಲ್ಲ. ಆದ್ರೆ ಮುಳುಗಿದ ಮನೆಗಳವರನ್ನ ಕೂರಿಸ್ಕೊಂಡು ಕೇಳಿದವ್ರು ನಮ್ಮ ಕಡೆ ಬರ್ಲೇ ಇಲ್ಲ, ಅಜ್ಜಿ ಕಾಲದವ್ರು ಈಗ ಒಬ್ರೋ ಇಬ್ರೋ ಇದಾರೆ. ಕಾರಲ್ಲಿ ಬಂದು ಹೋಗೋರಿಗೆ ಅವ್ರು ಬಾಯಿ ಬಿಡಲ್ಲ. ನಡ್ಕೊಂಡು ಬಂದು ಜಗಲಿ ಮೇಲೆ ಕೂತು ನೀರು ಕೇಳೋ ಹುಡುಗಿಗೆ ಹೇಳ್ತಾರೆ. ಮೂರು ರಾತ್ರಿ ನಿದ್ದೆಗೆಟ್ಟು ಯೋಚ್ನೆ ಮಾಡಿದ್ಮೇಲೆ ನೀನು ಹೋಗ್ಬೇಕು ಅಂತ ನಂಗೇ ಅನ್ಸಿದ್ದು ಇದಕ್ಕೆ.

ಗೊರೂರು ಹತ್ರ ಬರೋ ಎರಡು ದಿನ ಮುಂಚೆ ಫೋನ್ ಮಾಡು, ನಾನೂ ಅಪ್ಪನೂ ಬುತ್ತಿ ಕಟ್ಕೊಂಡು ಹಾಸನದಿಂದ ಬಸ್ಸಿಗೆ ಬರ್ತೀವಿ. ನೀರು ಇಳಿದಿದ್ರೆ ಒರಳಿದ್ದ ಜಾಗ ತೋರಿಸ್ತೀನಿ.

ನಿನ್ನ ಅಮ್ಮ