ಸೈಸ್ಮಿಕ್ ಅಂದ್ರೆ ಬರೀ ಭೂಕಂಪ ಅಲ್ಲ, ಸಂಸದರೇ

ಮಾನ್ಯ ಸಂಸದರಿಗೆ, ದಾವಣಗೆರೆಯಿಂದ ನಮಸ್ಕಾರ.

ಇಪ್ಪತ್ತು ವರ್ಷ ಸರ್ವೆ ಹಡಗುಗಳಲ್ಲಿ ದುಡಿದು ಊರಿಗೆ ಬಂದವನು ನಾನು. ನಾಲ್ಕು ವರ್ಷದಿಂದ ಒಂದೇ ಅರ್ಜಿ ಹಿಡಿದು ಅಲೆಯುತ್ತಿದ್ದೇನೆ. ಕೇಳಿದ್ದು ಇಷ್ಟೇ: ನಮ್ಮ ಕರಾವಳಿ ಸಮುದ್ರದ ಹಳೇ ಸೈಸ್ಮಿಕ್ ಡೇಟಾ (ಶಬ್ದ ಕಳಿಸಿ, ಅದರ ಮರುದನಿಯಿಂದ ಸಮುದ್ರತಳದ ಒಳಗೆ ಏನಿದೆ ಅಂತ ನೋಡಿದ ದಾಖಲೆ) ತೆಗೆಸಿ, ತಳದ ಮೇಲ್ಪದರದಲ್ಲಿ ಗ್ಯಾಸ್ ಎಷ್ಟಿದೆ ಅಂತ ಲೆಕ್ಕ ಹಾಕಿಸಿ, ಜನರ ಮುಂದಿಡಿ.

ಏನು ಉತ್ತರ ಬಂತು ಗೊತ್ತಾ? ಒಂದು ಕಚೇರಿಯವರು ‘ಸೈಸ್ಮಿಕ್’ ಅಂತ ಓದಿದ್ದೇ ತಡ, ಅರ್ಜಿಯನ್ನು ಭೂಕಂಪ ನೋಡಿಕೊಳ್ಳುವವರಿಗೆ ದಾಟಿಸಿದರು. ಎಂಟು ತಿಂಗಳ ಮೇಲೆ ಕಾಗದ ಬಂತು. “ನಿಮ್ಮ ಜಿಲ್ಲೆಯಲ್ಲಿ ಭೂಕಂಪದ ಅಪಾಯ ಕಡಿಮೆ, ಗಾಬರಿಯಾಗಬೇಡಿ.” ಗುಂಡು ಸೀಲು, ಹಸಿರು ಇಂಕಿನ ಸಹಿ ಬೇರೆ. ನಮ್ಮ ಮನೆಯವಳು ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಬಂದವರೆಲ್ಲ ಓದಿ ನಗುತ್ತಾರೆ.

ಇನ್ನೊಂದು ಕಡೆ ಟೇಬಲ್ ಹಿಂದಿದ್ದವರು, “ದಾವಣಗೆರೆಗೆ ಸಮುದ್ರ ಯಾವಾಗ ಬಂತು ಯಜಮಾನ್ರೇ?” ಅಂದು ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಸಮುದ್ರ ಬಂದಿಲ್ಲ ಸ್ವಾಮಿ, ಗ್ಯಾಸ್ ಬಿಲ್ ಬರುತ್ತೆ. ದೇಶಕ್ಕೆ ಬೇಕಾದ ನ್ಯಾಚುರಲ್ ಗ್ಯಾಸಿನಲ್ಲಿ ಅರ್ಧದಷ್ಟು ಹೊರಗಿನಿಂದ ತರಿಸುತ್ತಿದ್ದೇವೆ, ನಿಮಗೆ ಗೊತ್ತಿರುವುದೇ.

ಸೈಸ್ಮಿಕ್ ಸರ್ವೆ ಹೀಗೆ ನಡೆಯುತ್ತೆ: ಹಡಗಿನ ಹಿಂದೆ ಏರ್‌ಗನ್, ಅಂದರೆ ಒತ್ತಿಟ್ಟ ಗಾಳಿ ಬಿಡುವ ಯಂತ್ರ, ಧಡ್ ಅನ್ನುತ್ತೆ. ಉದ್ದನೆ ಕೇಬಲ್ಲಿನ ಹೈಡ್ರೋಫೋನ್‌ಗಳು (ನೀರೊಳಗಿನ ಮೈಕುಗಳು) ತಳದಿಂದ ಬರುವ ಮರುದನಿ ಹಿಡಿಯುತ್ತವೆ. ಮರಳಿನಲ್ಲಿ ಗ್ಯಾಸ್ ಸೇರಿದ್ದರೆ ಶಬ್ದದ ವೇಗ ಇಳಿಯುತ್ತೆ, ಪರದೆ ಮೇಲೆ ಅಲ್ಲಿ ಗೆರೆ ದಪ್ಪಗೆ ಎದ್ದು ಕಾಣುತ್ತೆ. ಅದನ್ನು ಬ್ರೈಟ್ ಸ್ಪಾಟ್ ಅನ್ನುತ್ತಿದ್ದೆವು. ಕಂಡ ಕೂಡಲೇ ಕುಣಿಯುವಂತಿಲ್ಲ. ಮರಳಿನ ಸಂದುಗಳಲ್ಲಿ ಶೇ. 5-10ರಷ್ಟು ಮಾತ್ರ ಗ್ಯಾಸ್ ಇದ್ದರೂ ಹೆಚ್ಚುಕಡಿಮೆ ಹಾಗೇ ಹೊಳೆಯುತ್ತೆ. ಹತ್ತಿರದ, ದೂರದ ಹೈಡ್ರೋಫೋನುಗಳ ಮರುದನಿ ಹೋಲಿಸಬೇಕು, ಕೊನೆಗೆ ಬಾವಿ ಕೊರೆದೇ ನೋಡಬೇಕು. ನಮ್ಮ ಕಾಲದಲ್ಲಿ ಮೇಲ್ಪದರದ ಗ್ಯಾಸ್ ಅಂದರೆ ಡ್ರಿಲ್ಲಿಂಗ್‌ನವರಿಗೆ ಗಂಡಾಂತರ, ಸುಮ್ನೆ ತಪ್ಪಿಸಿಕೊಂಡು ಹೋಗುತ್ತಿದ್ದರು. ಡಚ್ಚರು ಯುರೋಪಿನ ಉತ್ತರ ಸಮುದ್ರದಲ್ಲಿ (ನಾರ್ತ್ ಸೀ) ಅದನ್ನೇ 2007ರಲ್ಲಿ ತೆಗೆಯಲು ಶುರು ಮಾಡಿದರು. ನಮ್ಮ ಪಶ್ಚಿಮ ಕರಾವಳಿಯ ಕೆಸರಲ್ಲೂ ಗ್ಯಾಸ್ ಇದೆ ಅಂತ ಗೋವಾದ ಸಮುದ್ರ ವಿಜ್ಞಾನಿಗಳು 1980ರ ದಶಕದಲ್ಲೇ ಬರೆದಿದ್ದಾರೆ. ತೆಗೆಯುವಷ್ಟಿದೆಯಾ? ಇಲ್ಲದಿರಬಹುದು. ಇಲ್ಲ ಅನ್ನುವುದಕ್ಕಾದರೂ ಲೆಕ್ಕ ಹಾಕಬೇಕು ಅಲ್ವಾ?

ಇಂಥ ಡೇಟಾ ಇಡಲೆಂದೇ 2017ರಲ್ಲಿ ನ್ಯಾಷನಲ್ ಡೇಟಾ ರೆಪಾಸಿಟರಿ ಅನ್ನುವ ಸರ್ಕಾರಿ ಡೇಟಾ ಭಂಡಾರ ಶುರುವಾಗಿದೆ. ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಸಮುದ್ರದ ಡೇಟಾ ಮತ್ತೆ ನೋಡಿದ್ದೀರಾ, ಲೆಕ್ಕ ಎಲ್ಲಿ? ಜಾಸ್ತಿ ಏನೂ ಬೇಡ. ಆ ಲೆಕ್ಕ ಕೊಡಿಸಿ.

ಅರ್ಜಿಯ ಐದನೇ ಪ್ರತಿ ಜೊತೆಗಿಟ್ಟಿದ್ದೇನೆ. ಈ ಸಲ ‘ಸೈಸ್ಮಿಕ್’ ಪದದ ಕೆಳಗೆ ಕೆಂಪು ಪೆನ್ನಲ್ಲಿ ‘ಭೂಕಂಪ ಅಲ್ಲ’ ಅಂತ ಬರೆದಿದ್ದೇನೆ.

ಇತಿ,
ದಾವಣಗೆರೆಯ ಒಬ್ಬ ಮತದಾರ