ಟೋಕಿಯೋಗೆ ಹೊಸದಾಗಿ ಬಂದವರಿಗೆ

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದವರು ತುಂಬಾ ಜನ ಗುಂಪಿಗೆ ಬಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಹೊಸ ಮನೆಗೆ ಹೋದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ಮರೆಯಬೇಡಿ.

ಮನೆ ಹುಡುಕುವಾಗ ಮಾತ್ರ ಮನಸ್ಸು ಗಟ್ಟಿ ಇರಲಿ. ವಿದೇಶಿಯರಿಗೆ ಕೊಡುವುದಿಲ್ಲ ಎಂದು ನನಗೆ ಮೂರು ಕಡೆ ನೇರವಾಗಿ ಹೇಳಿದ್ದರು, ಕೊನೆಗೆ ಸಿಕ್ಕ ಮನೆಗೆ ಒಂದು ತಿಂಗಳ ಬಾಡಿಗೆಯಷ್ಟು ರೇಕಿನ್ ಕೊಟ್ಟೆ, ಅದು ಮಾಲೀಕರಿಗೆ ಕೊಡುವ ಕಾಣಿಕೆ, ವಾಪಸ್ ಬರುವುದಿಲ್ಲ. ಆ ರಾತ್ರಿ ಊರಿಗೆ ಹೊರಟುಬಿಡೋಣ ಅನಿಸಿತ್ತು. ಅದೇ ವಾರ ರೈಲಿನಲ್ಲಿ ಪರ್ಸ್ ಬಿಟ್ಟು ಇಳಿದಿದ್ದೆ, ಮರುದಿನ ನಿಲ್ದಾಣದಲ್ಲಿ ಒಂದು ಯೆನ್ ಕೂಡ ಕಡಿಮೆಯಾಗದೆ ಸಿಕ್ಕಿತು. ಎರಡೂ ಇದೇ ಊರು, ಅಲ್ವಾ?

ತುಂಬಿದ ರೈಲಿನಲ್ಲೂ ನನ್ನ ಪಕ್ಕದ ಸೀಟು ಖಾಲಿ ಉಳಿದರೆ ಈಗಲೂ ನೋವಾಗುತ್ತದೆ. ಆರು ವರ್ಷದ ಮಕ್ಕಳು ದೊಡ್ಡವರಿಲ್ಲದೆ ತಾವೇ ಶಾಲೆಗೆ ನಡೆದು ಹೋಗುವುದನ್ನು ಕಂಡರೆ ನನ್ನ ಮಗಳು ಇಲ್ಲೇ ಬೆಳೆಯಲಿ ಅನಿಸುತ್ತದೆ.

ಬೇಜಾರಾದರೆ ಸುಮ್ನೆ ಒಳಗೇ ಇಟ್ಟುಕೊಳ್ಳಬೇಡಿ, ಇಲ್ಲಿ ಬರೆಯಿರಿ, ರಾತ್ರಿ ಎಷ್ಟು ಹೊತ್ತಾದರೂ ಸರಿ. ಈ ಭಾನುವಾರ 11 ಗಂಟೆಗೆ ನಿಶಿಕಸಾಯಿ ನಿಲ್ದಾಣದ ಹತ್ತಿರ ಸಿಗೋಣ. ಬಿಸಿಬೇಳೆಬಾತ್ ನಾನು ತರುತ್ತೇನೆ, ಬರುವವರು ಇವತ್ತೇ ತಿಳಿಸಿ.