ಶನಿವಾರದ ವೀಕ್ಷಣೆ: ಜೋಡಿ ನಕ್ಷತ್ರ, ಜಾಗ್ರತೆ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ರಾತ್ರಿ ಹ್ಯಾಟ್-ಪಿ-1ಬಿ ಎಂಬ, ನಮ್ಮ ಸೌರವ್ಯೂಹದ ಆಚೆಯ ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವುದನ್ನು ಅಳೆಯಲಿದ್ದೇವೆ. ಕ್ಯಾಮೆರಾ ಹಿಡಿಯುವವರೆಲ್ಲ ದಯವಿಟ್ಟು ಪೂರ್ತಿ ಓದಿ.

ಆ ನಕ್ಷತ್ರ ಹಲ್ಲಿ (ಲಸರ್ಟಾ) ನಕ್ಷತ್ರಪುಂಜದಲ್ಲಿರುವ ಒಂದು ಜೋಡಿಯಲ್ಲಿದೆ. ಎರಡರ ನಡುವೆ ಸುಮಾರು 11 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಅಂತರ ಅಷ್ಟೇ. ಗ್ರಹ ಸುತ್ತುವುದು ಸ್ವಲ್ಪ ಮಂಕಾಗಿರುವುದನ್ನು. ಗ್ರಹ ಅಡ್ಡ ಬಂದಾಗ ಅದರ ಬೆಳಕು ಶೇ 1ಕ್ಕಿಂತ ತುಸು ಜಾಸ್ತಿ ಇಳಿಯುತ್ತದೆ. ಬೆಳಕು ಅಳೆಯಲು ಚಿತ್ರದಲ್ಲಿ ನಕ್ಷತ್ರದ ಸುತ್ತ ಹಾಕುವ ವೃತ್ತದೊಳಗೆ ಎರಡೂ ನಕ್ಷತ್ರಗಳ ಬೆಳಕು ಬೆರೆತರೆ ಆ ಇಳಿಕೆ ಅರ್ಧಕ್ಕಿಂತ ಕಡಿಮೆ ಕಾಣುತ್ತದೆ. ಗ್ರಹದ ಗಾತ್ರವೂ ಚಿಕ್ಕದಾಗಿ ಲೆಕ್ಕ ಬರುತ್ತದೆ. ಇಡೀ ರಾತ್ರಿಯ ಶ್ರಮ ಹಾಗೆ ಹಾಳಾಗಬಾರದು, ಅಲ್ವಾ?

ಆದ್ದರಿಂದ ಬೇರೆ ಸಲದಂತೆ ಫೋಕಸ್ ಜಾಸ್ತಿ ಸಡಿಲಿಸಬೇಡಿ. ಎರಡು ಚುಕ್ಕೆಗಳು ಬೇರೆ ಬೇರೆಯಾಗಿ ಕಾಣಲೇಬೇಕು. ಹಾಗೆ ಕಂಡರೆ ಪಕ್ಕದ ನಕ್ಷತ್ರವೇ ಹೋಲಿಕೆಗೆ ತುಂಬಾ ಚೆನ್ನಾಗಿ ಒದಗುತ್ತದೆ. ಬಣ್ಣ, ಹೊಳಪು ಹೆಚ್ಚುಕಡಿಮೆ ಒಂದೇ. ತೆಳು ಮೋಡ ಬಂದರೂ ಎರಡಕ್ಕೂ ಒಟ್ಟಿಗೇ ಬರುತ್ತದೆ. ನನಗೆ ಈ ಜೋಡಿ ಇಷ್ಟವಾಗುವುದೇ ಅದಕ್ಕೆ. ಹೊಳಪು ಜಾಸ್ತಿ ಇರುವ ನಕ್ಷತ್ರ ಕ್ಯಾಮೆರಾದ ಮಿತಿ ಮೀರದಂತೆ ಎಕ್ಸ್‌ಪೋಶರ್ ಇಡಿ.

ಹಾದುಹೋಗಲು 3 ಗಂಟೆಗೆ ಸ್ವಲ್ಪ ಕಡಿಮೆ ಸಾಕು. ಆದರೂ ಒಂದು ಗಂಟೆ ಮೊದಲೇ ಶುರುಮಾಡಿ, ಮುಗಿದ ಮೇಲೂ ಒಂದು ಗಂಟೆ ಬಿಡದೆ ತೆಗೆಯಿರಿ. ಕಂಪ್ಯೂಟರ್ ಗಡಿಯಾರವನ್ನು ಅಂತರ್ಜಾಲದ ಸಮಯಕ್ಕೆ ಹೊಂದಿಸಿಕೊಳ್ಳಿ. ಕಚ್ಚಾ ಚಿತ್ರಗಳನ್ನು ಅಳಿಸಬೇಡಿ.

ಯಾರು ಯಾರು ಸೇರುತ್ತೀರಿ, ದೂರದರ್ಶಕದ ಅಳತೆ ಎಷ್ಟು ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.